‘ಗಾಂಜಾ ಮತ್ತಿನಲ್ಲಿ ಹುಚ್ಚಾಟ’: ಆ ಶೀರ್ಷಿಕೆ ಕೊಟ್ಟವನು ನಾನು

ಡೆಸ್ಕ್ ಉಪಸಂಪಾದಕ, ದಾವಣಗೆರೆ
ಮಂಗಳವಾರ, ರಾತ್ರಿ 11.20

ಹನ್ನೊಂದು ವರ್ಷಗಳಿಂದ ಪತ್ರಿಕೆಯ ಡೆಸ್ಕ್‌ನಲ್ಲಿದ್ದೇನೆ. ಕಳೆದ ವಾರ ನಾನೇ ಕೊಟ್ಟ ಒಂದು ಶೀರ್ಷಿಕೆ ನಿದ್ದೆ ಕೆಡಿಸಿದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ರಾತ್ರಿ ಹತ್ತೂವರೆ. ಮೂರನೇ ಪುಟ ಅಚ್ಚಿಗೆ ಹೋಗಲು ಕಾಲು ಗಂಟೆ ಬಾಕಿ. ಠಾಣೆಯಿಂದ ವಾಟ್ಸ್‌ಆ್ಯಪ್‌ನಲ್ಲಿ ಐದು ಸಾಲಿನ ಪ್ರಕಟಣೆ ಬಂತು. ಯುವಕನೊಬ್ಬ ಬಸ್ಸಿಗೆ ಕಲ್ಲು ತೂರಿದ್ದಾನೆ, ಗಾಜು ಒಡೆದಿದೆ, ಯಾರಿಗೂ ಪೆಟ್ಟಾಗಿಲ್ಲ, ವೈದ್ಯಕೀಯ ಪರೀಕ್ಷೆಯಲ್ಲಿ ಗಾಂಜಾ ಸೇವನೆ ದೃಢಪಟ್ಟಿದೆ. ಜೊತೆಗೆ ಗೋಡೆಗೆ ಒರಗಿ ನಿಂತ ಹುಡುಗನ ಚಿತ್ರ. ‘ಗಾಂಜಾ ಮತ್ತಿನಲ್ಲಿ ಯುವಕನ ಹುಚ್ಚಾಟ’ ಎಂದು ಬರೆದೆ. ಎರಡು ಕಾಲಂಗೆ ಅಳತೆ ಮಾಡಿದಂತೆ ಕೂತಿತು. ಮನೆಗೆ ಹೋಗಿ ಮಲಗಿದೆ.

ಮರುದಿನ ಮಧ್ಯಾಹ್ನ ಅವನ ತಂದೆ ಕಚೇರಿಗೆ ಫೋನ್ ಮಾಡಿದರು. ಬೈಯಲಿಲ್ಲ, ಅಳಲೂ ಇಲ್ಲ. ‘ಮತ್ತಿನಲ್ಲಿದ್ದ ಎಂದು ನಿಮಗೆ ಯಾರು ಹೇಳಿದರು ಸ್ವಾಮಿ?’ ಎಂದಷ್ಟೇ ಕೇಳಿದರು. ಪ್ರಕಟಣೆಯನ್ನು ಮತ್ತೆ ತೆಗೆದು ಓದಿದೆ. ‘ಮತ್ತಿನಲ್ಲಿ’ ಎಂಬ ಪದ ಅದರಲ್ಲಿ ಇರಲೇ ಇಲ್ಲ. ‘ಹುಚ್ಚಾಟ’ವೂ ಇರಲಿಲ್ಲ. ಎರಡನ್ನೂ ಸೇರಿಸಿದವನು ನಾನು.

(ಇಲ್ಲಿ ಇನ್ನೂ ನಾಲ್ಕು ಸಾಲುಗಳಿದ್ದವು. ಬುಧವಾರ ಬೆಳಿಗ್ಗೆ ತೆಗೆದಿದ್ದೇನೆ. ಕಾರಣ ಕೆಳಗೆ ವಕೀಲರ ಮಾತಿನಲ್ಲಿದೆ.)

ಭಾನುವಾರದ ಪುರವಣಿಗೆ ಗಾಂಜಾ ಮತ್ತು ಮಾನಸಿಕ ಆರೋಗ್ಯದ ಬಗ್ಗೆ ಅರ್ಧ ಪುಟ ಬರೆಯಲು ಸಂಪಾದಕರು ಒಪ್ಪಿದ್ದಾರೆ. ಈ ಸಲ ಹಾಗೆ ಬರೆಯಲಾರೆ. ಆಸ್ಪತ್ರೆ, ನ್ಯಾಯಾಲಯ, ಶಾಲೆಗಳಲ್ಲಿ ಕೆಲಸ ಮಾಡುವವರು ಇಲ್ಲಿದ್ದೀರಿ. ಯಾವ ಮಾತು ನಿಜ, ಯಾವುದು ನಮ್ಮ ರೂಢಿಯ ಸುಳ್ಳು, ಹೇಳಿಕೊಡಿ.

ಅಪರಾಧ ವರದಿಗಾರ
ಮಂಗಳವಾರ, ರಾತ್ರಿ 11.48

ಸರ್, ನೀವು ನಿಮ್ಮ ಮೇಲೆ ಅತಿಯಾಗಿ ಹೊರಿಸಿಕೊಳ್ಳುತ್ತಿದ್ದೀರಿ. ಹದಿನಾಲ್ಕು ವರ್ಷಗಳಿಂದ ಠಾಣೆ, ನ್ಯಾಯಾಲಯ ಸುತ್ತುತ್ತಿದ್ದೇನೆ. ಮೆಕ್ಕೆಜೋಳದ ಸಾಲುಗಳ ನಡುವೆ ಗಾಂಜಾ ಗಿಡ ಬೆಳೆದು ಸಿಕ್ಕಿಬಿದ್ದವರನ್ನು ನೋಡಿದ್ದೇನೆ. ಕಾಲೇಜು ರಸ್ತೆಯ ಟೀ ಅಂಗಡಿ ಪಕ್ಕದಲ್ಲಿ ಪೊಟ್ಟಣ ಕೈ ಬದಲಾಗುವುದನ್ನೂ ನೋಡಿದ್ದೇನೆ. ‘ಇದನ್ನು ಬರೆಯಿರಿ, ನಮ್ಮ ಮಕ್ಕಳು ಹಾಳಾಗುತ್ತಿದ್ದಾರೆ’ ಎಂದು ತಾಯಂದಿರು ನನ್ನ ಕೈ ಹಿಡಿದಿದ್ದಾರೆ. ನಾವು ಮಾತನ್ನು ಮೆತ್ತಗೆ ಮಾಡಿದರೆ ಲಾಭ ಮಾರುವವನಿಗೆ. ‘ಯುವಕನ ವರ್ತನೆಗೆ ಹಲವು ಕಾರಣಗಳಿರಬಹುದು’ ಎಂದು ಬರೆದರೆ ಯಾವ ತಂದೆ ಎಚ್ಚೆತ್ತುಕೊಳ್ಳುತ್ತಾನೆ?

ಮನೋರೋಗ ವಿಭಾಗದ ಶುಶ್ರೂಷಕಿ
ಬುಧವಾರ, ಬೆಳಿಗ್ಗೆ 6.15

ರಾತ್ರಿ ಪಾಳಿ ಮುಗಿಸಿ ಬರೆಯುತ್ತಿದ್ದೇನೆ. ವರದಿಗಾರ ಸರ್, ನಿಮ್ಮ ಕಾಳಜಿಯಲ್ಲಿ ನನಗೆ ಸಂಶಯವಿಲ್ಲ. ಆದರೆ ‘ಪರೀಕ್ಷೆಯಲ್ಲಿ ದೃಢ’ ಎಂಬ ಮಾತು ಏನನ್ನು ಹೇಳುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ.

ಮೂತ್ರ ಪರೀಕ್ಷೆ ಹುಡುಕುವುದು ಗಾಂಜಾದ ಮುಖ್ಯ ಅಂಶವಾದ ಟಿಎಚ್‌ಸಿಯನ್ನು ದೇಹ ಅರಗಿಸಿದ ಮೇಲೆ ಉಳಿಯುವ ಶೇಷವನ್ನು. ಟಿಎಚ್‌ಸಿ ಕೊಬ್ಬಿನಲ್ಲಿ ಸೇರಿಕೊಂಡು ನಿಧಾನವಾಗಿ ಹೊರಬೀಳುತ್ತದೆ. ಒಮ್ಮೆ ಸೇದಿದವನಲ್ಲಿ ಕೆಲವು ದಿನ, ದಿನವೂ ಸೇದುವವನಲ್ಲಿ ವಾರಗಟ್ಟಲೆ ಅದು ಕಾಣಿಸಿಕೊಳ್ಳಬಹುದು. ಸೇದಿದ ಅಮಲು ಇಳಿಯುವುದಕ್ಕಾದರೋ ಕೆಲವು ಗಂಟೆ ಸಾಕು. ಆದ್ದರಿಂದ ‘ಪರೀಕ್ಷೆಯಲ್ಲಿ ಸೇವನೆ ದೃಢ’ ಎಂದರೆ ಇತ್ತೀಚೆಗೆ ಎಂದೋ ಸೇವಿಸಿದ್ದಾನೆ ಎಂದಷ್ಟೇ ಅರ್ಥ. ಕಲ್ಲು ಎತ್ತಿದ ಹೊತ್ತಿನಲ್ಲಿ ಮತ್ತಿನಲ್ಲಿದ್ದ ಎಂದು ಆ ಚೀಟಿ ಹೇಳುವುದಿಲ್ಲ, ಹೇಳಲು ಆಗುವುದೂ ಇಲ್ಲ.

ಇನ್ನೊಂದು ಸಂಗತಿ. ದಿನವೂ ಸೇದುತ್ತಿದ್ದವನು ದಿಢೀರನೆ ಬಿಟ್ಟರೆ ಒಂದೆರಡು ದಿನಗಳಲ್ಲೇ ಸಿಡುಕು, ತಳಮಳ, ನಿದ್ರಾಹೀನತೆ ಶುರುವಾಗುತ್ತವೆ. ಊಟ ಸೇರುವುದಿಲ್ಲ. ಮೊದಲ ವಾರ ಕಷ್ಟದ್ದು, ಆಮೇಲೆ ಇಳಿಯುತ್ತಾ ಬರುತ್ತದೆ. ‘ಮತ್ತಿನಲ್ಲಿದ್ದಾನೆ’ ಎಂದು ಮನೆಯವರು ಕರೆತಂದವರಲ್ಲಿ ಕೆಲವರು ನಿಜವಾಗಿ ಬಿಡಲು ಹೆಣಗುತ್ತಿದ್ದವರು.

ಇವೆರಡೂ ಅಲ್ಲದ ಮೂರನೆಯದೂ ಇದೆ: ಚಿತ್ತವಿಕಲತೆ. ಯಾರೋ ತನ್ನನ್ನು ಹಿಂಬಾಲಿಸುತ್ತಿದ್ದಾರೆ, ಬಸ್ಸಿನೊಳಗಿನವರು ತನ್ನ ಬಗ್ಗೆಯೇ ಮಾತನಾಡುತ್ತಿದ್ದಾರೆ ಎಂಬ ಭಯ, ಕಿವಿಯಲ್ಲಿ ದನಿ. ಇದು ಗಾಂಜಾದಿಂದಲೂ ಬರಬಹುದು, ಗಾಂಜಾ ಮುಟ್ಟದವರಿಗೂ ಬರಬಹುದು. ಹದಿಹರೆಯದ ಕೊನೆಯಿಂದ ಇಪ್ಪತ್ತೈದರೊಳಗೆ ಕಾಣಿಸಿಕೊಳ್ಳುವುದು ಹೆಚ್ಚು. ಹುಡುಗರು ಗಾಂಜಾ ಹಿಡಿಯುವ ವಯಸ್ಸೂ ಅದೇ ಆದ್ದರಿಂದ ಯಾವುದು ಮೊದಲು ಎಂದು ವೈದ್ಯರಿಗೂ ಮೊದಲ ದಿನ ಹೇಳಲಾಗುವುದಿಲ್ಲ. ಮತ್ತೆ ಮತ್ತೆ ನೋಡಿ, ವಾರಗಳ ನಂತರ ತೀರ್ಮಾನಕ್ಕೆ ಬರುತ್ತಾರೆ. ಪತ್ರಿಕೆ ಹದಿನೈದು ನಿಮಿಷದಲ್ಲಿ ತೀರ್ಮಾನಿಸುತ್ತದೆ.

ಹಾಗೆಂದು ಗಾಂಜಾ ನಿರಪಾಯ ಎಂದು ಯಾರೂ ತಿಳಿಯಬೇಡಿ. ಡೆನ್ಮಾರ್ಕ್‌ನಲ್ಲಿ ಮಾದಕ ವಸ್ತುಗಳಿಂದ ಚಿತ್ತವಿಕಲತೆ ಬಂದವರ ದಾಖಲೆಗಳನ್ನು ಬಹುಕಾಲ ಹಿಂಬಾಲಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಾಂಜಾದಿಂದ ಹಾಗಾಯಿತು ಎಂದು ದಾಖಲಾದವರಲ್ಲಿ ಅರ್ಧಕ್ಕೆ ಹತ್ತಿರ ಜನರಿಗೆ ಮುಂದೆ ಸ್ಕಿಜೋಫ್ರೀನಿಯಾ ಅಥವಾ ಬೈಪೋಲಾರ್ ಎಂಬ ದೀರ್ಘಕಾಲದ ಮಾನಸಿಕ ಕಾಯಿಲೆ ಇರುವುದು ಗೊತ್ತಾಯಿತು. ‘ಗಾಂಜಾ ಇಳಿದರೆ ಸರಿಹೋಗುತ್ತಾನೆ’ ಎಂದು ಮನೆಗೆ ಕರೆದುಕೊಂಡು ಹೋಗಿ, ಮತ್ತೆ ಆಸ್ಪತ್ರೆಯ ಮುಖ ನೋಡದವರ ಚಿಂತೆಯೇ ನನಗೆ ದೊಡ್ಡದು. ‘ಗಾಂಜಾ ಮತ್ತಿನಲ್ಲಿ’ ಎಂಬ ನಿಮ್ಮ ಶೀರ್ಷಿಕೆ ಅವರಿಗೆ ಅದೇ ಸುಳ್ಳು ಸಮಾಧಾನವನ್ನು ಕೊಡುತ್ತದೆ. ಅಮಲು ತಾನೇ, ಇಳಿಯುತ್ತದೆ ಬಿಡು ಎಂದುಕೊಳ್ಳುತ್ತಾರೆ.

ವಕೀಲ, ದಾವಣಗೆರೆ
ಬುಧವಾರ, ಬೆಳಿಗ್ಗೆ 8.02

ಉಪಸಂಪಾದಕರೇ, ಮೊದಲು ಒಂದು ವಿನಂತಿ. ‘ತಂದೆಯ ಒಪ್ಪಿಗೆ ಪಡೆದಿದ್ದೇನೆ’ ಎಂದು ಹೇಳಿ ಹುಡುಗನ ಚಿಕಿತ್ಸೆಯ ವಿವರವನ್ನು ಮೇಲೆ ಬರೆದಿದ್ದೀರಿ. ಈಗಲೇ ತೆಗೆಯಿರಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ, ಚಿಕಿತ್ಸೆಯಲ್ಲಿರುವ ವ್ಯಕ್ತಿಯ ಚಿತ್ರವನ್ನಾಗಲಿ ಮಾಹಿತಿಯನ್ನಾಗಲಿ ಮಾಧ್ಯಮಕ್ಕೆ ಕೊಡಲು ಆ ವ್ಯಕ್ತಿಯ ಒಪ್ಪಿಗೆ ಬೇಕು. ವಯಸ್ಸಿಗೆ ಬಂದ ಮಗನ ಪರವಾಗಿ ತಂದೆ ‘ಹೂಂ’ ಎಂದರೆ ಆಗಲಿಲ್ಲ. ಮಾದಕ ವಸ್ತುಗಳ ದುರ್ಬಳಕೆಯಿಂದ ಬರುವ ಮಾನಸಿಕ ಸ್ಥಿತಿಗಳೂ ಆ ಕಾಯ್ದೆಯ ವ್ಯಾಖ್ಯೆಯೊಳಗೇ ಬರುತ್ತವೆ. ಹುಡುಗ 18 ತುಂಬದವನಾಗಿದ್ದರೆ 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಇನ್ನೂ ಬಿಗಿ. ಹೆಸರು, ವಿಳಾಸ, ಶಾಲೆ, ಚಿತ್ರ, ಗುರುತು ಸಿಗುವ ಯಾವುದನ್ನೂ ಪ್ರಕಟಿಸುವಂತಿಲ್ಲ.

ಇನ್ನು ವರದಿಗಾರರ ಮಾತಿಗೆ. ಮಾರುವವನನ್ನೂ ಸೇದುವವನನ್ನೂ ನಮ್ಮ ಪತ್ರಿಕೆಗಳು ಒಂದೇ ಉಸಿರಿನಲ್ಲಿ ‘ಗಾಂಜಾ ಗ್ಯಾಂಗ್’ ಎಂದು ಕರೆಯುತ್ತವೆ. ಮಾದಕ ವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆ ಅವರನ್ನು ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಒಂದು ಕಿಲೋವರೆಗಿನ ಗಾಂಜಾ ಅಲ್ಪ ಪ್ರಮಾಣ, 20 ಕಿಲೋ ಮೀರಿದರೆ ವಾಣಿಜ್ಯ ಪ್ರಮಾಣ, ಶಿಕ್ಷೆಯ ಅಂತರ ಅಜಗಜಾಂತರ. ಬರೀ ಸೇವನೆಗೆ 27ನೇ ಸೆಕ್ಷನ್‌ನಲ್ಲಿ ಗಾಂಜಾ ಮಟ್ಟಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೇ ಹತ್ತು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ.

ನಾನು ಓದಿದ ಯಾವ ಸುದ್ದಿಯಲ್ಲೂ ಕಾಣದ ಮಾತೊಂದಿದೆ: 64ಎ ಸೆಕ್ಷನ್. ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಮುಂದೆ ಬಂದು ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ಆ ಆರೋಪಕ್ಕೆ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ‘ಡಾಕ್ಟರ ಹತ್ತಿರ ಹೋದರೆ ಪೊಲೀಸರಿಗೆ ಹೇಳುತ್ತಾರೆ’ ಎಂದು ಹೆದರಿ ಮಗನನ್ನು ಕೋಣೆಯಲ್ಲಿ ಕೂಡಿಹಾಕಿದ ತಂದೆತಾಯಿ ನನ್ನ ಕಚೇರಿಗೇ ಬಂದಿದ್ದಾರೆ. ಆ ಸೆಕ್ಷನ್ ಬಗ್ಗೆ ನಾಲ್ಕು ಸಾಲು ಬರೆಯಿರಿ ಸರ್. ನಿಮ್ಮ ಅರ್ಧ ಪುಟದಲ್ಲಿ ಅದಕ್ಕಿಂತ ಬೆಲೆಯುಳ್ಳ ನಾಲ್ಕು ಸಾಲು ಇರಲಾರದು.

ಡೆಸ್ಕ್ ಉಪಸಂಪಾದಕ, ದಾವಣಗೆರೆ
ಬುಧವಾರ, ಬೆಳಿಗ್ಗೆ 8.20

ತೆಗೆದೆ ಸರ್. ತಪ್ಪು ತಿದ್ದಲು ಬಂದು ಅದೇ ತಪ್ಪನ್ನು ಮತ್ತೆ ಮಾಡಿದೆ. ಕ್ಷಮಿಸಿ.

ಚಳ್ಳಕೆರೆಯ ಅಕ್ಕ
ಬುಧವಾರ, ಮಧ್ಯಾಹ್ನ 2.35

ವಕೀಲರ ಮಾತು ಓದಿದ ಮೇಲೆ ತಮ್ಮನನ್ನು ಕೇಳಿ, ಅವನು ‘ಬರಿ ಅಕ್ಕಾ’ ಎಂದ ಮೇಲೆ ಬರೆಯುತ್ತಿದ್ದೇನೆ. ಬರೆದದ್ದನ್ನು ಅವನಿಗೆ ತೋರಿಸಿದೆ. ಎರಡು ಸಾಲು ಬೇಡ ಎಂದ, ತೆಗೆದಿದ್ದೇನೆ.

ತಮ್ಮ ದಾವಣಗೆರೆಯಲ್ಲಿ ಓದುತ್ತಿದ್ದ. ವಿದ್ಯಾನಗರದ ಕಡೆ ಮೂವರು ಹುಡುಗರು ಸೇರಿ ಕೋಣೆ ಮಾಡಿಕೊಂಡಿದ್ದರು. ಎರಡನೇ ವರ್ಷ ನಿದ್ದೆ ಬರುವುದಿಲ್ಲ ಎನ್ನತೊಡಗಿದ. ಫೋನಿನಲ್ಲಿ ದನಿ ತಗ್ಗಿಸಿ, ಗೋಡೆಯಾಚೆ ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಎನ್ನುತ್ತಿದ್ದ. ಸೇದುತ್ತಿದ್ದನೇ? ಹೌದು, ಸೇದುತ್ತಿದ್ದ. ನಿದ್ದೆ ಬಾರದ್ದಕ್ಕೆ ಸೇದಿದನೋ, ಸೇದಿದ್ದಕ್ಕೆ ನಿದ್ದೆ ಹೋಯಿತೋ, ಇವತ್ತಿಗೂ ನನಗೆ ಗೊತ್ತಿಲ್ಲ. ನಮ್ಮ ತಂದೆಯ ಚಿಕ್ಕಪ್ಪ ಒಬ್ಬರು ಹೀಗೆಯೇ ಮಾತು ಬಿಟ್ಟು ಮೂಲೆ ಸೇರಿದ್ದರಂತೆ. ಅವರು ಬೀಡಿಯನ್ನೂ ಸೇದಿದವರಲ್ಲ. ವೈದ್ಯರು ಕೇಳಿದ ಮೇಲೆಯೇ ಮನೆಯಲ್ಲಿ ಆ ಮಾತು ಹೊರಬಿದ್ದದ್ದು.

ಒಂದು ರಾತ್ರಿ ರಸ್ತೆಯಲ್ಲಿ ಯಾರೊಂದಿಗೋ ಜಗಳವಾಯಿತು. ಮರುದಿನ ಪತ್ರಿಕೆಯೊಂದರಲ್ಲಿ ಚಿತ್ರ ಸಮೇತ ಬಂತು. ‘ಗಾಂಜಾ ಗಿರಾಕಿ’ ಎಂದು ಬರೆದಿದ್ದರು. ಮನೆಯಲ್ಲಿ ಅಮ್ಮನಿಗೆ ಕಾಣದಂತೆ ಆ ದಿನದ ಪತ್ರಿಕೆಯನ್ನು ಬಚ್ಚಿಟ್ಟೆ.

ಮೂರು ವಾರವಾದ ಮೇಲೆ ಅಮ್ಮ ಆಸ್ಪತ್ರೆಗೆ ಬಂದಿದ್ದರು. ಸಂಜೆ ತಮ್ಮನಿಗೆ ಇಷ್ಟ ಎಂದು ಬೀದಿ ಬದಿಯ ಅಂಗಡಿಯಿಂದ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಬಂದರು. ಹಾಸಿಗೆಯ ಮೇಲೆ ಪೊಟ್ಟಣ ಬಿಚ್ಚಿದರು. ಎಣ್ಣೆ ಹೀರಿದ ಕಾಗದದಲ್ಲಿ ಅವನ ಮುಖ ಇತ್ತು. ತಮ್ಮ ನೋಡಿದ. ಕೈಯಲ್ಲಿದ್ದ ಮಿರ್ಚಿಯನ್ನು ಕೆಳಗಿಟ್ಟ. ಅಮ್ಮ ಮಂಡಕ್ಕಿಯನ್ನು ಸೆರಗಿಗೆ ಸುರಿದುಕೊಂಡು ಕಾಗದವನ್ನು ಸಣ್ಣಗೆ, ಇನ್ನೂ ಸಣ್ಣಗೆ ಮಡಚುತ್ತಾ ಕೂತರು. ಆಮೇಲೆ ಎಂಟು ತಿಂಗಳು ಅವನು ಮನೆಯ ಹೊಸಿಲು ದಾಟಲಿಲ್ಲ. ಕಾಯಿಲೆ ಅವನನ್ನು ಒಳಗೆ ಕೂರಿಸಿದ್ದಕ್ಕಿಂತ ಆ ಕಾಗದ ಕೂರಿಸಿದ್ದು ಹೆಚ್ಚು.

ಈಗ ಮಾತ್ರೆ ತಪ್ಪಿಸುವುದಿಲ್ಲ. ಗಾಂಜಾ ಮುಟ್ಟಿ ಮೂರು ವರ್ಷ ದಾಟಿದೆ. ಕೆಲಸಕ್ಕೆ ಹೋಗುತ್ತಿದ್ದಾನೆ.

ವರದಿಗಾರ ಅಣ್ಣಾ, ಮಾರಿದವನ ಹೆಸರು ಆ ಸುದ್ದಿಯಲ್ಲಿ ಇರಲಿಲ್ಲ.

ನಿವೃತ್ತ ಮೇಷ್ಟ್ರು, ಹೊಳಲ್ಕೆರೆ
ಬುಧವಾರ, ರಾತ್ರಿ 9.10

ತಾಯಿ, ನಿನ್ನ ಬರಹ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ನಿನ್ನ ತಮ್ಮನಿಗೆ ಒಳ್ಳೆಯದಾಗಲಿ.

ಇತಿಹಾಸ ಪಾಠ ಮಾಡಿದವನು ನಾನು. ಈ ಅವಸರ ಇವತ್ತಿನದಲ್ಲ. ಗಾಂಜಾದಿಂದ ಹುಚ್ಚಾಸ್ಪತ್ರೆಗಳು ತುಂಬುತ್ತಿವೆ ಎಂಬ ಗುಲ್ಲು ಬ್ರಿಟಿಷ್ ಸಂಸತ್ತಿನವರೆಗೆ ಹೋಗಿ, 1893ರಲ್ಲಿ ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್ ನೇಮಕವಾಯಿತು. ಅದು ದೇಶವೆಲ್ಲ ಸುತ್ತಿ ಸುಮಾರು 1200 ಸಾಕ್ಷಿಗಳನ್ನು ವಿಚಾರಿಸಿತು, ಆಸ್ಪತ್ರೆಗಳ ದಾಖಲೆ ಪುಸ್ತಕಗಳನ್ನೂ ಬಿಚ್ಚಿಸಿ ನೋಡಿತು. ಆ ಪುಸ್ತಕಗಳಲ್ಲಿ ‘ಹುಚ್ಚಿನ ಕಾರಣ’ ಎಂಬ ಒಂದು ಅಂಕಣ. ಅದನ್ನು ತುಂಬಿದ್ದು ಬಹಳ ಸಲ ವೈದ್ಯರಲ್ಲ. ರೋಗಿಯನ್ನು ಹಿಡಿದು ತಂದ ಪೊಲೀಸರು ಬರೆದುಕೊಟ್ಟದ್ದನ್ನೇ ಗುಮಾಸ್ತರು ನಕಲು ಮಾಡಿದ್ದರು. ‘ತಿಳಿಯದು’ ಎಂದು ಬರೆಯುವುದಕ್ಕಿಂತ ‘ಗಾಂಜಾ’ ಎಂದು ಬರೆಯುವುದು ಸುಲಭವಾಗಿತ್ತು. ಆಯೋಗ 1892ರ ಪ್ರಕರಣಗಳನ್ನು ಒಂದೊಂದಾಗಿ ಮರುವಿಚಾರಣೆ ಮಾಡಿದಾಗ ಗಾಂಜಾದ ತಲೆಗೆ ಕಟ್ಟಿದ್ದವುಗಳಲ್ಲಿ ಬಹುಪಾಲು ನಿಲ್ಲಲಿಲ್ಲ.

ಆದರೂ ಆಯೋಗ ಗಾಂಜಾವನ್ನು ಪೂರ್ತಿ ಬಿಟ್ಟುಕೊಡಲಿಲ್ಲ. ಅತಿಯಾದ ಸೇವನೆ, ಅದರಲ್ಲೂ ಮನಸ್ಸು ಮೊದಲೇ ದುರ್ಬಲವಿರುವವರಲ್ಲಿ ಅಥವಾ ವಂಶದಲ್ಲಿ ಕಾಯಿಲೆ ಇರುವವರಲ್ಲಿ, ಚಿತ್ತ ಕೆಡಿಸಬಲ್ಲದು ಎಂದು ಬರೆಯಿತು. ಚಳ್ಳಕೆರೆಯ ತಂಗಿ ತನ್ನ ಮನೆಯ ಚಿಕ್ಕಜ್ಜನ ಬಗ್ಗೆ ಹೇಳಿದ್ದೂ, ಶುಶ್ರೂಷಕಿ ಹೇಳಿದ್ದೂ ಇದೇ ದಾರಿಯಲ್ಲಿವೆ. ಉಪಸಂಪಾದಕರೇ, ನಿಮ್ಮ ವಾಟ್ಸ್‌ಆ್ಯಪ್ ಪ್ರಕಟಣೆಯೂ ಆ ಅಂಕಣವೇ. ಖಾಲಿ ಬಿಡಲು ಧೈರ್ಯ ಬೇಕು.

ಸಂಖ್ಯಾಶಾಸ್ತ್ರ ಉಪನ್ಯಾಸಕಿ, ಚಿತ್ರದುರ್ಗ
ಗುರುವಾರ, ಬೆಳಿಗ್ಗೆ 10.30

ಅರ್ಧ ಪುಟದಲ್ಲಿ ಅಂಕಿಅಂಶ ಹಾಕುತ್ತೀರಿ ಎಂದುಕೊಂಡು ಒಂದು ಮಾತು. ‘ಗಾಂಜಾ ಸೇದಿದರೆ ಹುಚ್ಚು ಹಿಡಿಯುವ ಅಪಾಯ ಆರು ಪಟ್ಟು’ ಎಂಬ ಸಾಲು ಎಲ್ಲ ಕಡೆ ಓಡಾಡುತ್ತದೆ. ಮೂಲ ಎಲ್ಲಿಯದು ನೋಡಿ. ಸ್ವೀಡನ್‌ನಲ್ಲಿ 1969–70ರಲ್ಲಿ ಸೇನೆಗೆ ಕರೆಬಂದ 45,570 ಯುವಕರನ್ನು ಹದಿನೈದು ವರ್ಷ ಹಿಂಬಾಲಿಸಿ 1987ರಲ್ಲಿ ಪ್ರಕಟಿಸಿದ ಅಧ್ಯಯನ. ಐವತ್ತಕ್ಕಿಂತ ಹೆಚ್ಚು ಸಲ ಗಾಂಜಾ ಸೇವಿಸಿದ್ದವರಲ್ಲಿ ಸ್ಕಿಜೋಫ್ರೀನಿಯಾ, ಸೇವಿಸದವರಿಗಿಂತ ಆರು ಪಟ್ಟು ಕಂಡಿತು. ಸಾವಿರಕ್ಕೆ ಲೆಕ್ಕ ಹಾಕಿದರೆ ಸೇವಿಸದವರಲ್ಲಿ ಸುಮಾರು ಐವರು, ಅಷ್ಟು ಸೇವಿಸಿದವರಲ್ಲಿ ಸುಮಾರು 28 ಮಂದಿ. ಮನೆ ಪರಿಸ್ಥಿತಿ, ಮೊದಲೇ ಇದ್ದ ಮಾನಸಿಕ ತೊಂದರೆ ಮುಂತಾದವನ್ನು ಲೆಕ್ಕಕ್ಕೆ ಹಿಡಿದಾಗ ಅಂತರ ಇನ್ನೂ ತಗ್ಗಿತು, ಆದರೆ ಅಳಿಯಲಿಲ್ಲ.

‘ಆರು ಪಟ್ಟು’ ಎಂದಷ್ಟೇ ಬರೆದರೆ ಓದುಗ ಸೇದಿದವರೆಲ್ಲ ಹಾಳಾದರು ಎಂದುಕೊಳ್ಳುತ್ತಾನೆ. ತನ್ನ ಸುತ್ತ ಸೇದಿಯೂ ಸರಿಯಾಗಿರುವ ಹತ್ತು ಜನರನ್ನು ಕಂಡ ವಿದ್ಯಾರ್ಥಿ ಪತ್ರಿಕೆ ಸುಳ್ಳು ಹೇಳುತ್ತಿದೆ ಎಂದು ಪಕ್ಕಕ್ಕಿಡುತ್ತಾನೆ. ನನ್ನ ತರಗತಿಯಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ. ಸಾವಿರಕ್ಕೆ ಐದು, ಸಾವಿರಕ್ಕೆ 28 ಎಂದು ಕಪ್ಪು ಹಲಗೆಯ ಮೇಲೆ ಬರೆದ ದಿನ ಹಿಂದಿನ ಬೆಂಚಿನವರೂ ತಲೆ ಎತ್ತಿದರು. 28 ಸಣ್ಣ ಸಂಖ್ಯೆಯಲ್ಲ ಎಂದು ಅವರಿಗೇ ಹೊಳೆಯಿತು.

ಯೂರೋಪ್‌ನ ಹಲವು ನಗರಗಳು ಮತ್ತು ಬ್ರೆಜಿಲ್‌ನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನ ಇನ್ನೊಂದು. ದಿನವೂ ಸೇವಿಸುವವರಲ್ಲಿ ಚಿತ್ತವಿಕಲತೆಯ ಸಂಭವ ಮೂರು ಪಟ್ಟು ದಾಟಿತ್ತು. ಟಿಎಚ್‌ಸಿ ಶೇ 10 ಅಥವಾ ಅದಕ್ಕಿಂತ ಹೆಚ್ಚಿರುವ ಕಡುಮಾಲನ್ನು ದಿನವೂ ಸೇವಿಸುವವರಲ್ಲಿ ಐದು ಪಟ್ಟಿಗೆ ಹತ್ತಿರ. ಎಷ್ಟು ಸಲ, ಎಷ್ಟು ಕಡು ಎಂಬುದು ಮುಖ್ಯ. ‘ಜಾತ್ರೆಯಲ್ಲಿ ಸಾಧುಗಳು ಚಿಲುಮೆ ಸೇದುತ್ತಿದ್ದರು, ಅವರಿಗೇನೂ ಆಗಲಿಲ್ಲ’ ಎನ್ನುವವರಿಗೂ ಅದನ್ನೇ ಹೇಳಬೇಕು. ಹದಿನಾರರ ಹುಡುಗ ದಿನವೂ ಸೇದುವುದು ಬೇರೆಯ ಸಂಗತಿ.

ಜೊತೆಗೆ ಮದ್ಯವನ್ನು ಮರೆಯಬೇಡಿ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ದೇಶದ 10ರಿಂದ 75 ವರ್ಷದವರಲ್ಲಿ ಶೇ 14.6 ಮಂದಿ ಮದ್ಯ ಸೇವಿಸುವವರು, ಭಂಗಿ, ಗಾಂಜಾ, ಚರಸ್ ಎಲ್ಲ ಸೇರಿ ಶೇ 2.8. ಕುಡಿದು ಕಲ್ಲು ತೂರಿದವನ ಚಿತ್ರ ಮೂರನೇ ಪುಟಕ್ಕೆ ಬರುವುದನ್ನು ನಾನು ಕಂಡಿಲ್ಲ.

ಅಪರಾಧ ವರದಿಗಾರ
ಗುರುವಾರ, ರಾತ್ರಿ 12.05

ಎರಡು ದಿನ ಓದಿದೆ, ಉತ್ತರಿಸಲಿಲ್ಲ. ಅಕ್ಕಾ, ‘ಮಾರಿದವನ ಹೆಸರು ಇರಲಿಲ್ಲ’ ಎಂಬ ನಿಮ್ಮ ಮಾತು ನನ್ನನ್ನು ಬಿಡಲಿಲ್ಲ. ಇವತ್ತು ಕೂತು ನನ್ನ ಹಳೆಯ ಸುದ್ದಿಗಳನ್ನು ತೆಗೆದು ನೋಡಿದೆ. ಜಪ್ತಿಯ ಸುದ್ದಿ ಬರೆದಿದ್ದೇನೆ, ಪಂಚನಾಮೆ ಬರೆದಿದ್ದೇನೆ. ಆದರೆ ಚಿತ್ರ ಸಮೇತ ಬಂದವುಗಳಲ್ಲಿ ಹೆಚ್ಚಿನವು ಸೇದಿ ಸಿಕ್ಕಿಬಿದ್ದ ಹುಡುಗರದು. ಅವರನ್ನು ಹಿಡಿಯುವುದು ಸುಲಭ, ಬರೆಯುವುದೂ ಸುಲಭ. ಮಾಲು ಎಲ್ಲಿಂದ ಬಂತು, ಹೊಲ ಯಾರದು, ಪ್ರಕರಣ ನ್ಯಾಯಾಲಯದಲ್ಲಿ ಏನಾಯಿತು ಎಂದು ಹಿಂಬಾಲಿಸಿ ಬರೆದದ್ದು ಬೆರಳೆಣಿಕೆ.

ಇನ್ನೊಂದನ್ನೂ ಕಂಡೆ. ಯಾವ ತಿರುವಿನಲ್ಲಿ ಸಿಗುತ್ತದೆ, ಪೊಟ್ಟಣಕ್ಕೆ ಎಷ್ಟು ರೂಪಾಯಿ ಎಂದೆಲ್ಲ ಬರೆದಿದ್ದೇನೆ. ಎಚ್ಚರಿಸುತ್ತಿದ್ದೇನೆ ಎಂದುಕೊಂಡಿದ್ದೆ. ಹುಡುಕುತ್ತಿದ್ದವನಿಗೆ ಅದು ವಿಳಾಸ.

ಆದರೂ ಒಂದು ಮಾತನ್ನು ಬಿಟ್ಟುಕೊಡಲಾರೆ. ಮಾರಾಟದ ವಿಷಯದಲ್ಲಿ ದನಿ ತಗ್ಗಿಸಬಾರದು. ತಗ್ಗಿಸಬೇಕಾದದ್ದು ಕಾಯಿಲೆಯವರ ವಿಷಯದಲ್ಲಿ ಎಂದರೆ ಒಪ್ಪುತ್ತೇನೆ.

ಹರಿಹರದ ತಾಯಿ
ಶುಕ್ರವಾರ, ಬೆಳಿಗ್ಗೆ 5.50

ಇದನ್ನೆಲ್ಲ ಓದುತ್ತಿರುವ ನನ್ನಂಥವರು ಯಾರನ್ನು ಕೇಳಬೇಕು? ಹೆಸರು ಹೇಳದೆ ಕೇಳಲು ಆಗುತ್ತದೆಯೇ?

ಮನೋರೋಗ ವಿಭಾಗದ ಶುಶ್ರೂಷಕಿ
ಶುಕ್ರವಾರ, ಬೆಳಿಗ್ಗೆ 6.05

ಆಗುತ್ತದೆ ಅಮ್ಮಾ. 14416 ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ, ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತನಾಡುತ್ತಾರೆ. ವ್ಯಸನದ ಬಗ್ಗೆಯೇ ಕೇಳಬೇಕೆಂದರೆ 14446 ಎಂಬ ರಾಷ್ಟ್ರೀಯ ಸಹಾಯವಾಣಿ ಇದೆ. ನೇರವಾಗಿ ಬರುವುದಾದರೆ ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಬನ್ನಿ. ಮಗನೋ ಮಗಳೋ ಒಪ್ಪದಿದ್ದರೆ ಮೊದಲು ನೀವೊಬ್ಬರೇ ಬನ್ನಿ, ಹೇಗೆ ಮಾತನಾಡಿಸಬೇಕು ಎಂಬುದನ್ನು ಹೇಳಿಕೊಡುತ್ತಾರೆ. ರಾತ್ರಿ ನಿದ್ದೆ ಪೂರ್ತಿ ಹೋಗಿದ್ದರೆ, ಯಾರೋ ಕೊಲ್ಲಲು ಬರುತ್ತಿದ್ದಾರೆ ಎಂದು ಹೆದರುತ್ತಿದ್ದರೆ, ಸಾಯುವ ಮಾತು ಆಡುತ್ತಿದ್ದರೆ ನಾಳೆಗೆ ತಳ್ಳಬೇಡಿ, ಇವತ್ತೇ ಬನ್ನಿ.

ಡೆಸ್ಕ್ ಉಪಸಂಪಾದಕ, ದಾವಣಗೆರೆ
ಶನಿವಾರ, ರಾತ್ರಿ 10.45

ಪುರವಣಿಯ ಪುಟ ಹೋಯಿತು. ಆ ಎರಡು ಸಹಾಯವಾಣಿಗಳ ಸಂಖ್ಯೆ ಪುಟದ ತಲೆಯಲ್ಲೇ ದಪ್ಪಕ್ಷರದಲ್ಲಿವೆ, ಸಾಮಾನ್ಯವಾಗಿ ಕೊನೆಯ ಸಾಲಿಗೆ ತಳ್ಳಿ ಜಾಗ ಸಾಲದಾಗ ಕತ್ತರಿಸುತ್ತೇವೆ. 64ಎ ಬಗ್ಗೆ ನಾಲ್ಕಲ್ಲ, ಹತ್ತು ಸಾಲು ಬರೆದಿದ್ದೇನೆ. ಸಾವಿರಕ್ಕೆ ಐದು, ಸಾವಿರಕ್ಕೆ 28 ಹಾಗೆಯೇ ಇದೆ. ಬಸ್ಸಿಗೆ ಕಲ್ಲು ತೂರಿದ ಹುಡುಗನ ಪ್ರಸ್ತಾಪ ಇಡೀ ಪುಟದಲ್ಲಿಲ್ಲ. ಅವನನ್ನು ಕೇಳಿಸಿದೆ, ಬೇಡ ಎಂದ.

ನಾಳೆ ಮೂರನೇ ಪುಟದಲ್ಲಿ, ಆ ಸುದ್ದಿ ಬಂದಿದ್ದ ಜಾಗದಲ್ಲೇ, ಈ ತಿದ್ದುಪಡಿ ಬರುತ್ತದೆ: ‘ಕಳೆದ ವಾರ ಈ ಪುಟದಲ್ಲಿ ಪ್ರಕಟವಾದ ಸುದ್ದಿಯ ಶೀರ್ಷಿಕೆಯಲ್ಲಿ, ಘಟನೆಯ ವೇಳೆ ಯುವಕ ಗಾಂಜಾ ಮತ್ತಿನಲ್ಲಿದ್ದ ಎಂದು ಹೇಳಲಾಗಿತ್ತು. ಪೊಲೀಸ್ ಪ್ರಕಟಣೆಯಲ್ಲಿ ಹಾಗೆ ಇರಲಿಲ್ಲ. ಆ ಪದಗಳನ್ನೂ ಚಿತ್ರವನ್ನೂ ಬಳಸಬಾರದಿತ್ತು. ವಿಷಾದಿಸುತ್ತೇವೆ.’ ‘ಹುಚ್ಚಾಟ’ ಎಂಬ ಪದವನ್ನು ತಿದ್ದುಪಡಿಯಲ್ಲಿ ಮತ್ತೆ ಅಚ್ಚು ಮಾಡಬಾರದು ಎಂದು ಸಂಪಾದಕರೇ ಹೊಡೆದು ಹಾಕಿದರು.

ಚಳ್ಳಕೆರೆಯ ಅಕ್ಕ
ಶನಿವಾರ, ರಾತ್ರಿ 11.02

ಸರ್, ಒಂದು ಕೇಳಲೇ? ಕಾಗದ ಹಳೆಯದಾಗುತ್ತದೆ. ಮೊಬೈಲ್‌ನಲ್ಲಿ ಹುಡುಕಿದರೆ ಆ ಹುಡುಗನ ಚಿತ್ರ ಈಗಲೂ ಬರುತ್ತದೆಯೇ?

ಡೆಸ್ಕ್ ಉಪಸಂಪಾದಕ, ದಾವಣಗೆರೆ
ಶನಿವಾರ, ರಾತ್ರಿ 11.30

ಬರುತ್ತಿತ್ತು. ನಮ್ಮ ಜಾಲತಾಣದಿಂದ ಈಗಷ್ಟೇ ತೆಗೆಸಿದೆ. ನಮ್ಮಿಂದ ಎತ್ತಿಕೊಂಡು ಹಾಕಿದ್ದ ಇನ್ನಿಬ್ಬರಿಗೂ ಪತ್ರ ಬರೆದಿದ್ದೇನೆ. ಒಬ್ಬರು ತೆಗೆದಿದ್ದಾರೆ. ಇನ್ನೊಬ್ಬರ ಕಚೇರಿಗೆ ಸೋಮವಾರ ಬೆಳಿಗ್ಗೆ ನಾನೇ ಹೋಗುತ್ತಿದ್ದೇನೆ. ನಿಮ್ಮ ತಮ್ಮನ ಹಳೆಯ ಸುದ್ದಿಯ ಕೊಂಡಿ ಸಿಕ್ಕರೆ, ಅವನು ಒಪ್ಪಿದರೆ, ಅದನ್ನೂ ಕಳುಹಿಸಿ. ಒಟ್ಟಿಗೇ ಕೇಳುತ್ತೇನೆ.